ನನ್ನ ಅರ್ಜಿಯ ಮೇಲಿರುವ ಹತ್ತು ಬೆರಳು ನನ್ನವಲ್ಲ

ಅರ್ಜಿ ಪರಿಶೀಲಿಸಿ ಒಪ್ಪಿಗೆಯ ಮೊಹರು ಒತ್ತುವ ಅಧಿಕಾರಿಗಳಿಗೆ,

ಮಾನ್ಯರೇ, ನೀವು ಮೋಸಹೋಗಿದ್ದೀರಿ. ಮೋಸ ಮಾಡಿದವನು ನಾನು. ಬಂದೂಕಿನ ಸದ್ದು ತಗ್ಗಿಸುವ ಸೈಲೆನ್ಸರನ್ನು ಮನೆಯಲ್ಲೇ ತಯಾರಿಸಿಕೊಳ್ಳಲು ಕಳೆದ ತಿಂಗಳು ನನಗೆ ಕೊಟ್ಟ ಅನುಮತಿಯನ್ನು ದಯವಿಟ್ಟು ರದ್ದುಮಾಡಿ. ಆ ಅರ್ಜಿಯಲ್ಲಿ ಹೆಸರು ನನ್ನದು, ಭಾವಚಿತ್ರ ನನ್ನದು, ಸಹಿ ನನ್ನದು. ಬೆರಳಚ್ಚು ಮಾತ್ರ ನನ್ನದಲ್ಲ. ನಿಮಗಷ್ಟೇ ಬರೆದಿದ್ದರೆ ಈ ಕಾಗದ ಯಾವ ಕಪಾಟು ಸೇರುತ್ತಿತ್ತೋ ಏನೋ. ಅದಕ್ಕೇ ನಮ್ಮ ಜಿಲ್ಲೆಯ ವಾರಪತ್ರಿಕೆಗೂ ಕಳಿಸಿದ್ದೇನೆ.

ಮೊದಲು ನನ್ನ ಜಂಬವನ್ನು ಸ್ವಲ್ಪ ಕೇಳಿ. ಮೂವತ್ತೆಂಟು ವರ್ಷ ಲೇತ್ ಯಂತ್ರದ ಮುಂದೆ ನಿಂತವನು ನಾನು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಕೆಲಸ ವಾಪಸ್ಸು ಎಸೆಯುತ್ತಿದ್ದೆ. ಅನುಮತಿ ಬರುವ ಮೊದಲು ಲೋಹಕ್ಕೆ ಉಳಿ ತಾಗಿಸಬಾರದು ಎನ್ನುತ್ತದೆ ನಿಮ್ಮ ನಿಯಮ. ಸೈಲೆನ್ಸರಿಗೆಂದು ತಂದಿಟ್ಟ ಉಕ್ಕಿನ ಕೊಳವೆಯ ಮೇಲಿನ ಧೂಳನ್ನೂ ನಾನು ಒರೆಸಲಿಲ್ಲ. ನಮ್ಮ ಜಿಲ್ಲೆಯ ಪೊಲೀಸ್ ಮುಖ್ಯಸ್ಥರಾದ ಶೆರಿಫರಿಗೆ ಅರ್ಜಿಯ ಪ್ರತಿ ಕಳಿಸಿ ಎಂದಿರಿ, ಕಳಿಸಿದೆ. ಭಾವಚಿತ್ರದಲ್ಲಿ ಟೋಪಿ ಬೇಡ ಎಂದಿರಿ, ಊರಿನವರು ಯಾರೂ ನೋಡಿರದ ನನ್ನ ಬೋಳುತಲೆಯನ್ನು ಸರ್ಕಾರಕ್ಕೆ ತೋರಿಸಿದೆ. ಆಮೇಲೆ ಬೆರಳಚ್ಚು ಕೇಳಿದಿರಿ.

ಶೆರಿಫ್ ಕಚೇರಿಯ ಗುಮಾಸ್ತೆ ಟ್ವೈಲಾ ನನ್ನ ಹೆಬ್ಬೆರಳನ್ನು ಶಾಯಿಯಲ್ಲಿ ಉರುಳಿಸಿ ಕಾರ್ಡಿಗೊತ್ತಿ ಕಣ್ಣು ಕಿರಿದು ಮಾಡಿದಳು. "ಡುವೇನ್, ಇದೇನಯ್ಯಾ, ಸಿಪ್ಪೆ ಸುಲಿದ ಆಲೂಗಡ್ಡೆ ಇದ್ದ ಹಾಗಿದೆ! ಒಂದು ಗೆರೆ ಇಲ್ಲ. ಬ್ಯಾಂಕಿಗೆ ಕನ್ನ ಹಾಕೋಕೆ ನೀನೇ ಸರಿ" ಎಂದು ನಕ್ಕಳು. ಎಣ್ಣೆ, ಉಕ್ಕಿನ ಚೂರು, ಮರಳು ಕಾಗದ ಸೇರಿ ಯಾವತ್ತೋ ಗೆರೆಗಳನ್ನು ತಿಂದುಹಾಕಿದ್ದವು. ಎರಡು ಸಲ ಕಳಿಸಿದೆ. ಎರಡು ಸಲವೂ ನಿಮ್ಮಿಂದ ಬಂದ ಉತ್ತರ ಒಂದೇ ಪದ: ಅಸ್ಪಷ್ಟ. ದುಡಿದು ಸವೆದ ಬೆರಳಿಗೆ ನಿಮ್ಮ ನಮೂನೆಯಲ್ಲಿ ಒಂದು ಚೌಕವೂ ಇಲ್ಲವೇ ಸ್ವಾಮಿ? ದುಡಿಯದವರಿಗಷ್ಟೇ ಕಾನೂನು ಪಾಲಿಸಲು ಸಾಧ್ಯವೇ?

ಹೀಗೆಲ್ಲ ನಿಮ್ಮನ್ನು ಬೈಯುವುದು ನನಗೆ ಹಿತವಾಗಿದೆ, ಯಾಕೆಂದರೆ ಬೈಯುತ್ತಿರುವಷ್ಟು ಹೊತ್ತು ನನ್ನ ತಪ್ಪು ಹೇಳಬೇಕಾಗಿಲ್ಲ. ಈಗ ಹೇಳುತ್ತೇನೆ.

ಸೈಲೆನ್ಸರ್ ನನಗಾಗಿ ಅಲ್ಲ, ನನ್ನ ಅಕ್ಕ ಆರ್ಡಿಸಳ ಕಿವಿಗಾಗಿ. ಮೊಂಟಾನಾದ ಈ ಬಯಲಿನಲ್ಲಿ ನಾವಿಬ್ಬರೂ ಅಪ್ಪನ ಕುರಿಗಳನ್ನು ಇಂದಿಗೂ ಸಾಕುತ್ತಿದ್ದೇವೆ. ನನಗೆ ಹತ್ತೊಂಬತ್ತಾಗಿದ್ದಾಗ, ಕುರಿಗಳು ಮರಿ ಹಾಕುವ ಕಾಲದಲ್ಲಿ, ಮಂದೆಯ ಅಂಚಿನಲ್ಲಿ ಒಂದು ಕಯೋಟಿ ತೋಳ ಕಾಣಿಸಿತು. ಪಿಕಪ್ ಗಾಡಿಯೊಳಗೆ ಎಡಗಡೆ ಸ್ಟೀರಿಂಗ್ ಮುಂದೆ ನಾನು, ನನ್ನ ಬಲಪಕ್ಕದ ಸೀಟಿನಲ್ಲಿ ಅಕ್ಕ. ಇಳಿಯುವಷ್ಟು ತಾಳ್ಮೆ ಇರಲಿಲ್ಲ. ಅವಳ ಮುಖದ ಮುಂದೆ ಬಂದೂಕು ಚಾಚಿ, ಅವಳ ಕಡೆಯ ಕಿಟಕಿಯಿಂದಲೇ ಗುಂಡು ಹಾರಿಸಿದೆ. ಬಂದೂಕಿನ ಬಾಯಿ ಅವಳ ಬಲಗಿವಿಯ ಪಕ್ಕದಲ್ಲಿತ್ತು. ಕಿವಿ ಹಿಡಿದುಕೊಂಡು ಬಗ್ಗಿದವಳು ಕೇಳಿದ ಮೊದಲ ಮಾತು, "ಹೊಡೆದ್ಯೇನೋ?" ಹೊಡೆದಿರಲಿಲ್ಲ. ಗುರಿಯೂ ತಪ್ಪಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ. ಅಪ್ಪನಿಗೆ ಅವಳು ಜ್ವರ ಬಂದು ಕಿವಿ ಹೋಯಿತು ಎಂದಳು. ನಾನು ಪಕ್ಕದಲ್ಲಿ ನಿಂತು ಸುಮ್ಮನಿದ್ದೆ.

ಈಗ ಎಡಗಿವಿಯೂ ಸೋಲುತ್ತಿದೆ. ಉಳಿದಷ್ಟನ್ನು ಸದ್ದಿನಿಂದ ಕಾಪಾಡಿ ಎಂದಿದ್ದಾರೆ ವೈದ್ಯರು. ಕಿವಿಗೆ ಮುಚ್ಚಳ ಹಾಕಿಕೊಳ್ಳಲಿ ಎನ್ನುವಿರೇನೋ. ಮುಚ್ಚಿಕೊಂಡರೆ ಹೆರಿಗೆಗೆ ನರಳುವ ಕುರಿಯ ಸದ್ದು ಅವಳಿಗೆ ಕೇಳುವುದಿಲ್ಲ, ಆ ಸದ್ದಿಗೇ ಓಡುವವಳು ಅವಳು.

ಎರಡನೇ ತಿರಸ್ಕಾರ ಬಂದ ದಿನ ಅಡುಗೆಮನೆಯ ಮೇಜಿನ ಮೇಲೆ ಖಾಲಿ ಕಾರ್ಡು ಬಿದ್ದಿತ್ತು. ಕಾಫಿ ಬಗ್ಗಿಸುತ್ತಿದ್ದ ಅಕ್ಕ ಅದನ್ನು ನೋಡಿ ಲೋಟ ಬದಿಗಿಟ್ಟಳು.

"ಆ ಶಾಯಿ ಇತ್ತ ತಾ."

"ಯಾಕೇ?"

"ಕಿವಿ ತಗೊಂಡೆಯಲ್ಲ, ಬೆರಳೂ ತಗೋ. ಅವರಿಗೆ ಗೆರೆ ತಾನೇ ಬೇಕು? ನನ್ನ ಹತ್ರ ಹತ್ತು ಬೆರಳಿಗೂ ಇದೆ."

"ಜೈಲಿಗೆ ಹಾಕ್ತಾರೆ ಕಣೇ!"

"ಹಾಕ್ಲಿ ಬಿಡೋ, ಅಲ್ಲಿ ಕುರಿ ಕಾಟ ಇರಲ್ಲ."

ತಮಾಷೆಗೆ ಅಂದಳು. ಆದರೂ ನಾನು ಅವಳ ಕೈ ಹಿಡಿದು ಒಂದೊಂದೇ ಬೆರಳನ್ನು ಉರುಳಿಸಿದೆ. ಅಚ್ಚು ತೆಗೆದವರ ಸಹಿ ಇರಬೇಕಾದಲ್ಲಿ ನನ್ನ ಸಹಿಯನ್ನೇ ಹಾಕಿದೆ. ನೀವು ಒಪ್ಪಿದಿರಿ! ಅಭಿನಂದನೆಗಳು. ನನ್ನ ಬೆರಳನ್ನು ಎರಡು ಸಲ ಅನುಮಾನಿಸಿದ ನಿಮಗೆ ಅಕ್ಕನ ಬೆರಳು ಒಂದೇ ಸಲಕ್ಕೆ ನಾನಾಗಿ ಕಂಡಿತು.

ತಯಾರಿಸಿದವನ ಹೆಸರು, ಊರು ಕೊಳವೆಯ ಮೇಲೆ ಕೊರೆದಿರಬೇಕೆಂಬುದು ನಿಮ್ಮ ನಿಯಮ. ಅನುಮತಿ ಬಂದ ಬೆಳಿಗ್ಗೆ ಮೊದಲು ಅದನ್ನೇ ಮುಗಿಸೋಣವೆಂದು ಕೊರೆಯುವ ಸೂಜಿ ಇಳಿಸಿದೆ. ಕೈ ಮುಂದೆ ಹೋಗಲಿಲ್ಲ. ಸಾವಿರಾರು ಬಿಡಿಭಾಗಗಳಿಗೆ ಹೆಸರು ಕೊರೆದಿದ್ದೇನೆ, ಯಾವುದೂ ಸುಳ್ಳಾಗಿರಲಿಲ್ಲ. ನಾಳೆ ಯಾರಾದರೂ ಪರೀಕ್ಷಿಸಿದರೆ ಸಿಕ್ಕಿಬೀಳುವ ಬೆರಳು ಅಕ್ಕನದು. ಅವಳ ಕಿವಿ ಉಳಿಸಲು ಹೊರಟವನು ಅವಳನ್ನೇ ಹಳ್ಳಕ್ಕೆ ತಳ್ಳಿದ್ದೆ. ನಾಚಿಕೆಯಾಯಿತು. ಯಂತ್ರ ನಿಲ್ಲಿಸಿ ಒಳಗೆ ಹೋಗಿ, ಎಲ್ಲವನ್ನೂ ಬರೆದು ಒಪ್ಪಿಕೊಳ್ಳುತ್ತೇನೆ ಎಂದೆ.

ಅವಳು ಎಡಗಿವಿ ನನ್ನತ್ತ ತಿರುಗಿಸಿ ಕೇಳಿಸಿಕೊಂಡಳು. "ಬರಿ. ನನ್ನ ಹೆಸರೂ ಬರಿ. ಆದ್ರೆ ಜ್ವರ ಬಂತು ಅಂತ ಬರೀಬೇಡ."

ಅದಕ್ಕೇ ಹೆಸರು ಬರೆದಿದ್ದೇನೆ. ಆದರೆ ಕೇಸು ಹಾಕುವುದಾದರೆ ನನ್ನ ಮೇಲೆ ಹಾಕಿ. ಶಾಯಿ ಹಚ್ಚಿದ್ದು, ಸಹಿ ಹಾಕಿದ್ದು, ಅಂಚೆಗೆ ಹಾಕಿದ್ದು ನಾನು. ಆಕೆ ಕೈ ಚಾಚಿದಳು ಅಷ್ಟೇ, ತಮ್ಮನ ತಪ್ಪು ಮುಚ್ಚುವುದು ಅವಳ ಹಳೇ ಚಾಳಿ.

ಮರಿ ಹಾಕುವ ಕಾಲ ಮತ್ತೆ ಶುರುವಾಗಿದೆ. ಈ ವಾರ ಕಯೋಟಿ ಮೂರು ಮರಿಗಳನ್ನು ಎತ್ತಿಕೊಂಡು ಹೋಯಿತು. ಬೇಲಿಯ ಬಳಿ ನಿಂತು ಅಕ್ಕ "ಹೊಡಿಯೋ!" ಎಂದು ಕೂಗುತ್ತಾಳೆ. ನಾನು ಬಂದೂಕು ಎತ್ತುತ್ತಿಲ್ಲ. ಇನ್ನೆಷ್ಟು ದಿನ ಹೀಗಿರಬೇಕೆಂದು ನೀವೇ ಹೇಳಿ. ಸವೆದ ಬೆರಳಿನವನು ತಾನು ತಾನೇ ಎಂದು ಸಾಬೀತುಮಾಡಲು ಏನು ಮಾಡಬೇಕೆಂದು ಲಿಖಿತವಾಗಿ ತಿಳಿಸಿ. ಶಿಕ್ಷೆಯ ನಂತರ ಹೊಸದಾಗಿ ಅರ್ಜಿ ಹಾಕಬಹುದಾದರೆ ಹಾಕುತ್ತೇನೆ.

ಇದರೊಂದಿಗೆ ಅನುಮತಿ ಪತ್ರವನ್ನು ಹಿಂದಿರುಗಿಸಿದ್ದೇನೆ. ಜೊತೆಗೆ ಹೊಸ ಬೆರಳಚ್ಚು ಕಾರ್ಡೂ ಇದೆ. ಹತ್ತು ಚೌಕಗಳಲ್ಲಿ ಹತ್ತು ಕಪ್ಪು ಕಲೆಗಳು, ಒಂದರಲ್ಲೂ ಗೆರೆಯಿಲ್ಲ. ಈ ಸಲ ಅವು ನನ್ನವೇ.

ಇಂತಿ,
ನಿಮ್ಮ ಕಡತದಲ್ಲಿ ಅಕ್ಕನ ಬೆರಳುಗಳನ್ನು ಬಿಟ್ಟುಬಂದಿರುವ ತಮ್ಮ,
ಡುವೇನ್ ಸ್ಕೋಗನ್