ಹೆಸರಿನ ಕೆಳಗಿನ ಸಾಲು

ಅಬ್ಬಾ,

ಇವತ್ತು ಬೆಳಿಗ್ಗೆ ಮೌಳಂಗಿಯ ಹೊಳೆದಂಡೆಯಲ್ಲಿ ನನ್ನ ಜಾದೂ ಪೋಸ್ಟರಿಗೆ ಫೋಟೋ ತೆಗೆಸಿದೆ. ನೀನು ಬಿಟ್ಟುಹೋದ ಹಳೆಯ ಕೆಂಪು ರೇಷ್ಮೆ ಕರವಸ್ತ್ರವನ್ನು ಮೇಲಕ್ಕೆ ತೂರಿದರೆ, ಇಳಿಯುವುದನ್ನೇ ಮರೆತಂತೆ ಮಂಜಿನಲ್ಲಿ ತೇಲಿತು. ಆಚೆ ದಡದಿಂದ ನೀನೇ ಬೆರಳಾಡಿಸಿ ಅದನ್ನು ತಡೆದು ನಿಲ್ಲಿಸಿದ್ದೀಯ ಅನ್ನಿಸಿತು.

ಅಂಬೇವಾಡಿಯ ಫೋಟೋಗ್ರಾಫರ್ ಬಾಳೇಶ ನನ್ನ ಗುಂಗುರು ಕೂದಲು ನೋಡಿ ಕೇಳಿದ: “ಅಕ್ಕಾರ, ಹೆಸರಿನ ಕೆಳಗ ‘ಆಫ್ರಿಕಾದ ಜಾದೂಗಾರ್ತಿ’ ಅಂತ ಹಾಕೂಣೇನ್ರಿ? ರೆಸಾರ್ಟಿನವರು ಹುಡುಕ್ಕೊಂಡು ಬರ್ತಾರ.”

ನಿನ್ನ ಪೋಸ್ಟರೂ ಹಾಗೇ ಹೇಳುತ್ತಿತ್ತು. ತೇರಗಾಂವದಲ್ಲೇ ಹುಟ್ಟಿ ಬೆಳೆದ ನೀನು, ವೇದಿಕೆ ಹತ್ತಿದರೆ ಕನ್ನಡವೇ ಬಾರದವನಂತೆ ಬರೀ ಕೈಸನ್ನೆ ಮಾಡುತ್ತಿದ್ದೆ. ಆಟ ಮುಗಿಯುವವರೆಗೆ ಅಬ್ಬಾ ಎಂದು ಕರೆಯಬಾರದೆಂದು ನನಗೆ ತಾಕೀತು ಮಾಡಿದ್ದೆ.

ಹಳಿಯಾಳದ ನಮ್ಮ ಶಾಲೆಗೆ ನೀನು ಜಾದೂ ಆಟಕ್ಕೆ ಬಂದ ದಿನ, ಜನರೆಲ್ಲ ಎದ್ದು ಹೋದ ಮೇಲೆ ಒಬ್ಬನೇ ಪೆಟ್ಟಿಗೆ ಕಟ್ಟುತ್ತಿದ್ದೆ. ಗೆಳತಿ ಕೇಳಿದಳು, “ನಿನ್ನ ಕಡೇನ ನೋಡಾಕತ್ತಾರಲ್ಲ, ಗುರ್ತಿನವ್ರೇನ?”

“ಯಾರೋ ಏನೋ, ನಂಗೊತ್ತಿಲ್ಲ,” ಅಂದೆ.

ಅದು ನಿನಗೂ ಕೇಳಿಸಿತ್ತು. ಮನೆಯ ದಾರಿಯಲ್ಲಿ ನೀನು ನನ್ನ ಬೆನ್ನು ತಟ್ಟಿ, “ನನ್ನ ಮಾತು ಚೊಲೋ ಉಳಿಸಿದಿ, ಶಬನಮ್,” ಎಂದು ನಕ್ಕೆ.

ನಾನು ಹಾಗೆ ಅಂದಾಗ ಆಟ ಮುಗಿದು ಎಷ್ಟೋ ಹೊತ್ತಾಗಿತ್ತು, ಅಬ್ಬಾ.

ಬಾಳೇಶನಿಗೆ ಹೇಳಿದೆ: “‘ತೇರಗಾಂವದ ಕಾಶೀಮ ಸಿದ್ದಿಯ ಮಗಳು’ ಅಂತ ಹಾಕ್ರಿ.”

“ಕಾಶೀಮ ಸಿದ್ದಿ ಅಂದ್ರ ಯಾರ್ರಿ?”

“ನಮ್ಮ ಅಬ್ಬಾ,” ಅಂದೆ, ಆಚೆ ದಡಕ್ಕೆ ಕೇಳುವಷ್ಟು ಜೋರಾಗಿ.