ತಾಟಿನ ಮೇಲೆ ಅಡ್ಡ ಇಟ್ಟ ಕೈ

ತಾಳಿಕೋಟೆ
ಶ್ರಾವಣ, ೧೯೭೬

ಮಗಳೇ ಕಸ್ತೂರೆವ್ವಾ,

ಮುಂಜಾನೆಯ ಲಿಂಗಪೂಜೆ ಮುಗಿಸಿ, ಅಡಿಗೆಮನೆಗೆ ಹೋಗದೆ ನೇರ ಪಡಸಾಲೆಗೆ ಬಂದು ಕುಳಿತು ಬರೆಯುತ್ತಿದ್ದೇನೆ. ಒಂದು ಸಲ ಒಲೆ ಹೊತ್ತಿಸಿದರೆ ಈ ಮಾತು ನಾಳೆಗೆ ಹೋಗುತ್ತದೆ, ನಾಳೆ ನಾಡಿದ್ದಿಗೆ ಹೋಗುತ್ತದೆ. ಬಸವಣ್ಣ ನಿನ್ನನ್ನೂ ಅಳಿಯಂದಿರನ್ನೂ ತಂಪಾಗಿ ಇಟ್ಟಿರಲಿ.

ನಿನ್ನ ಕಾಗದ ಮುಟ್ಟಿತು. ಅಳಿಯಂದಿರು ಓವರಸಿಯರ್ ಆಗಿ ಇಂಡಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಬರುವ ರವಿವಾರ ದೊಡ್ಡ ಸಾಹೇಬರನ್ನೂ ಅವರ ಜೊತೆಯವರನ್ನೂ ಊಟಕ್ಕೆ ಕರೆದಿದ್ದಾರೆಂದು ಬರೆದಿದ್ದೀ. "ಅವ್ವಾ, ನೀ ಬಂದು ಹೋಳಿಗಿ ಮಾಡಿಕೊಡು. ಮೊದಲ ಊಟದಾಗ ನನ್ನ ಹೆಸರಾಗಲಿ" ಎಂದಿದ್ದೀ. ನಿಮ್ಮಪ್ಪ ಅದನ್ನು ಅಂಗಡಿಗೆ ಒಯ್ದು ಕುಳಿತವರಿಗೆಲ್ಲ ಓದಿ ತೋರಿಸಿದರಂತೆ. ನನಗೆ ಮಾತ್ರ ಅದನ್ನು ಓದಿ ಹೆದರಿಕೆಯಾಯಿತು. ನನ್ನ ಹೆಸರೂ ಹೀಗೇ ಆದದ್ದು ನೋಡವ್ವಾ.

ನಾನು ಈ ಮನೆಗೆ ಬಂದ ಹೊಸದರಲ್ಲಿ ನಿಮ್ಮಪ್ಪನ ಅರಳೆ ಅಂಗಡಿಗೆ ಮುದ್ದೇಬಿಹಾಳದ ವ್ಯಾಪಾರಸ್ಥರು ಬಂದಿದ್ದರು. ಹೂರಣ ಹೊರಗೆ ಕಾಣುವಷ್ಟು ತೆಳ್ಳಗೆ ಹೋಳಿಗೆ ಲಟ್ಟಿಸಿದೆ. ಒಂದೂ ಹರಿಯಲಿಲ್ಲ. ಪಡಸಾಲೆಯಲ್ಲಿ ಅಷ್ಟು ಹೊತ್ತು ದರದ ಮೇಲೆ ಜಗಳಾಡುತ್ತಿದ್ದ ಗಂಡಸರು ಒಮ್ಮೆಲೇ ಸುಮ್ಮನಾದರು. ಉಣ್ಣುವವರ ಮಾತು ನಿಂತರೆ ಬಾಗಿಲ ಮರೆಯಲ್ಲಿ ನಿಂತ ಹೆಂಗಸಿಗೆ ಎಂಥ ಹಿಗ್ಗಾಗುತ್ತದೆ ಗೊತ್ತೇನು? "ಇಂಥಾ ಹೋಳಿಗಿ ನಮ್ಮ ಮನಿಯಾಗೂ ಉಂಡಿಲ್ಲಪ" ಎಂದರು ಒಬ್ಬರು. ಆ ಹಿಗ್ಗು ಸುಳ್ಳಲ್ಲ, ಇವತ್ತಿಗೂ ಬರುತ್ತದೆ. ಪಕ್ಕದ ಮನೆಯ ಜನ್ನತಬಿ ಹಿತ್ತಲಲ್ಲಿ ಕುಳಿತು ಕಡಲೆಬೇಳೆ ಆರಿಸಿ ಕೊಡುತ್ತ, "ಅಕ್ಕಾರ, ನಮ್ಮ ಮನಿಯವರ ಚುರುಮುರಿ ಭಟ್ಟಿ ಶುಕ್ರವಾರ ನಮಾಜಿಗರೆ ಆರತೈತಿ, ನಿಮ್ಮ ಒಲಿ ಆರೂದೇ ಇಲ್ಲಲ್ರಿ!" ಎನ್ನುತ್ತಾಳೆ. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತೇವೆ. ಅದೂ ಒಂದು ಸುಖವೇ.

ಆದರೆ ಆವತ್ತಿನಿಂದ ನಾನು ಹೋಳಿಗೆ ಗುಂಡವ್ವ ಆಗಿಬಿಟ್ಟೆ. ಸಂತೆಯಾದರೆ ಮಂದಿ, ಅಮಾವಾಸ್ಯೆಯಾದರೆ ಮಂದಿ, ಏನೂ ಇಲ್ಲದಿದ್ದರೂ ಮಂದಿ. ನಿಮ್ಮಪ್ಪ ನನ್ನನ್ನು ಒಂದು ದಿನವೂ ಬೈದವರಲ್ಲ. "ಹತ್ತು ಮಂದಿ ಬರ್ತಾರ, ನಿನಗೇನ್ ದೊಡ್ಡದು?" ಎನ್ನುತ್ತಾರೆ ಅಷ್ಟೇ. ಮನೆಗೆ ಬಂದವನು ಶಿವನೆಂದು ನಂಬಿ ಬೆಳೆದವಳು ನಾನು. ಶಿವನಿಗೆ ಇವತ್ತು ಆಗುವುದಿಲ್ಲ ಅನ್ನುವುದು ಹೇಗೆ? ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕುಳಿತರೂ ಕಿವಿ ಮಾತ್ರ ಬೇಳೆ ಉಕ್ಕುವ ಸಪ್ಪಳದ ಕಡೆಗೇ ಇರುತ್ತದೆ.

ನೀನು ಚಿಕ್ಕವಳಿದ್ದಾಗ ಜ್ವರ ಬಂದು ಕಣ್ಣು ಬಿಡದೆ ಮಲಗಿದ್ದೆ. ಆಗ ನಾನು ಬಾಗೇವಾಡಿ ಬಸವಣ್ಣನಿಗೆ ಹರಕೆ ಹೊತ್ತಿದ್ದೆ, ನಾನೇ ಬಂದು ನನ್ನ ಕೈಯಾರೆ ದೀಪ ಹಚ್ಚುತ್ತೇನೆ ಎಂದು. ನೀನು ಎದ್ದೆ, ಆಡಿದೆ, ಮದುವೆಯೂ ಆದೆ. ದೀಪ ಹಚ್ಚುವುದು ಹಾಗೇ ಉಳಿಯಿತು. ಹೋದ ವರ್ಷ ಶ್ರಾವಣ ಸೋಮವಾರ ಇಳಕಲ್ ಸೀರೆ ಉಟ್ಟು, ಒಂದು ಶೀಶೆ ಕುಸುಬಿ ಎಣ್ಣೆ ಚೀಲದಲ್ಲಿಟ್ಟುಕೊಂಡು ಹೊಸ್ತಿಲು ದಾಟಿದೆ. ಓಣಿಯ ಆ ಕಡೆಯಿಂದ ನಿಮ್ಮಪ್ಪ ಐದಾರು ಮಂದಿಯನ್ನು ಕರೆದುಕೊಂಡು ಬರುತ್ತಿದ್ದರು. "ಎಲ್ಲಿ ಹೊಂಟಿ? ಇವರು ನಿನ್ನ ಹೋಳಿಗಿ ಸಲುವಾಗಿ ಸಿಂದಗಿಯಿಂದ ಬಂದಾರ" ಎಂದರು. ಬಂದವರೆಲ್ಲ ನಗುತ್ತ ಕೈ ಮುಗಿದರು. ಅವರಲ್ಲಿ ಒಬ್ಬರೂ ಕೆಟ್ಟವರಿರಲಿಲ್ಲ, ಅದೇ ನನಗೆ ಕಷ್ಟವಾದದ್ದು. ಕೆಟ್ಟವರಾಗಿದ್ದರೆ ಹೋಗಿಬಿಡುತ್ತಿದ್ದೆ. ಚೀಲ ಒಳಗೊಯ್ದೆ. ಮನೆಯಲ್ಲಿದ್ದ ಎಣ್ಣೆ ಸಾಲದೆ ಹೋದಾಗ ದೀಪದ ಶೀಶೆಯನ್ನೇ ಬಿಚ್ಚಿ ಹೋಳಿಗೆ ಬೇಯಿಸುವ ಹಂಚಿಗೆ ಹಾಕಿದೆ.

ಮೊನ್ನೆಯದೊಂದು ಹೇಳುತ್ತೇನೆ ಕೇಳು. ಮನಗೂಳಿಯ ಶ್ರೀಶೈಲಪ್ಪನವರು ಊಟಕ್ಕೆ ಬಂದಿದ್ದರು. ವಯಸ್ಸಾದ ಜೀವ, ಬಹಳ ನೇಮದವರು. ತಾಟಿನಲ್ಲಿ ಬಿದ್ದ ಪ್ರಸಾದ ಒಂದು ಅಗುಳೂ ಬಿಡುವುದಿಲ್ಲ, ತಾಟು ತೊಳೆದ ನೀರನ್ನೂ ಕುಡಿಯುತ್ತಾರೆ. ಹೊಟ್ಟೆ ತುಂಬಿದ ಮೇಲೆ, "ಸಾಕವ್ವ ತಂಗಿ" ಎಂದು ತಾಟಿನ ಮೇಲೆ ಎರಡೂ ಕೈ ಅಡ್ಡ ಇಟ್ಟರು. ನಮ್ಮ ಕಡೆ ಸಾಕೆಂದ ಮೇಲೆಯೇ ಅಲ್ಲವೇ ನಿಜವಾದ ನೀಡಿಕೆ ಶುರುವಾಗುವುದು? ನಿಮ್ಮಪ್ಪ, "ಏ, ನಾಚ್ಕೊಳಾಕತ್ತಾರ, ಹಾಕು ಹಾಕು" ಎಂದರು. ನಾನು ಅವರ ಕೈಗಳ ಮೇಲೆಯೇ ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದೆ. ಎಲ್ಲರೂ ಹೋ ಎಂದು ನಕ್ಕರು. ಅವರು ನಗಲಿಲ್ಲ. ಒಂದೊಂದೇ ಚೂರು ಮುರಿದು, ಕಣ್ಣು ಮುಚ್ಚಿ ನುಂಗಿದರು. ತಾಟು ತೊಳೆದು ಕುಡಿದರು. ಆಮೇಲೆ ಏಳಲಾಗದೆ ಕಂಬಕ್ಕೆ ಒರಗಿ ಕುಳಿತರು, ಹಣೆಯ ತುಂಬ ಬೆವರು. ನೀರು ಒಯ್ದು ಕೊಟ್ಟಾಗ ಮೆಲ್ಲಗೆ ಅಂದರು: "ಸಾಕಂದೆ, ನೀ ಕೇಳ್ಲಿಲ್ಲ. ಬಿಡಾಕ ನನಗ ಬರೂದಿಲ್ಲ. ಏನ್ ಮಾಡ್ಲೆವ್ವ?"

ಅವರು ಸುಧಾರಿಸಿಕೊಂಡು ಹೋದರು. ನಾನು ಒಲೆಯ ಮುಂದೆ ಬಂದು ಕುಳಿತೆ, ಆ ಮಾತು ನನ್ನ ಬಾಯಿಂದಲೇ ಬಂದ ಹಾಗೆ ಅನಿಸಿತು. ನನಗೂ ಬಿಡಲಿಕ್ಕೆ ಬರುವುದಿಲ್ಲ ಮಗಳೇ. ನಾನೂ ಎಷ್ಟೋ ಸಲ ಕೈ ಅಡ್ಡ ಇಟ್ಟಿದ್ದೇನೆ.

ಅದಕ್ಕೇ ಹೇಳುತ್ತೇನೆ, ಸಿಟ್ಟಾಗಬೇಡ. ರವಿವಾರ ನಾನು ಬರುವುದಿಲ್ಲ. ಸಾಹೇಬರಿಗೆ ನೀನು ದಿನಾ ಮಾಡುವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ನೀಡು. ಹೊಟ್ಟೆ ತುಂಬ ನೀಡು, ನಗುತ್ತ ನೀಡು. ಸಾಕೆಂದವರಿಗೆ ನಿಲ್ಲಿಸು. ಉಂಡವರು ಚಲೋ ಇತ್ತು ಎಂದು ಎದ್ದು ಹೋಗಲಿ, ಮರೆತೂ ಬಿಡಲಿ. ಹೆಸರಾಗದಿದ್ದರೆ ಆಗದಿರಲಿ.

ನಾನು ಸೋಮವಾರ ಹೊರಡುತ್ತೇನೆ, ಮುಂಜಾನೆಯ ಮೊದಲ ಬಸ್ಸಿಗೆ. ಬಾಗೇವಾಡಿಯಲ್ಲಿ ಇಳಿದು ದೀಪ ಹಚ್ಚಿ, ಬಿಜಾಪುರದ ಮೇಲೆ ಹಾದು ಸಂಜೆಗೆ ಇಂಡಿಗೆ. ನಿನ್ನ ಮನೆಗೆ ಅಡಿಗೆ ಮಾಡಲಿಕ್ಕಲ್ಲ, ಉಣ್ಣಲಿಕ್ಕೆ. ಮತ್ತೊಬ್ಬರು ನೀಡುವಾಗ ಕುಳಿತು ಬಿಸಿಯದು ಉಂಡು ಎಷ್ಟು ದಿನವಾಯಿತೋ. ನಿಮಗೆ ಮಾಡಿಕೊಂಡದ್ದೇನಿದೆಯೋ ಅದನ್ನೇ ಹಾಕು. ನಾನು ತಾಟಿನ ಮೇಲೆ ಕೈ ಅಡ್ಡ ಇಟ್ಟರೆ ಮಾತ್ರ ನಿನ್ನ ಕೈ ಹಿಂದಕ್ಕೆ ತೆಗೆದುಕೋ.

ನಿಮ್ಮಪ್ಪನಿಗೆ ಹೇಳಿದ್ದೇನೆ. "ಹೋಗುವಂತಿ ಬಿಡು" ಎಂದರು. ಹಾಗೆ ಅಂದವರೇ ಸೋಮವಾರ ಮಧ್ಯಾಹ್ನದ ಊಟಕ್ಕೆ ಮಂದಿಯನ್ನೂ ಕರೆದಿದ್ದಾರೆ. ಎಣ್ಣೆಯ ಶೀಶೆಯನ್ನು ಈ ಸಲ ನಮ್ಮ ಮನೆಯಲ್ಲಿ ಇಟ್ಟಿಲ್ಲ, ಇಟ್ಟರೆ ಹಂಚಿಗೇ ಹೋಗುತ್ತದೆ. ಜನ್ನತಬಿಯ ಮನೆಯಲ್ಲಿದೆ. "ನಾನೇ ಬಸ್ ಸ್ಟ್ಯಾಂಡಿಗೆ ತರ್ತೇನ್ರಿ ಅಕ್ಕಾರ. ನೀವು ಹಿತ್ತಲ ಬಾಗಿಲಿಂದ ಬರ್ರಿ, ಓಣಿ ಕಡೆ ನೋಡಬ್ಯಾಡ್ರಿ" ಎಂದಿದ್ದಾಳೆ.

ಸೋಮವಾರ ಸಂಜೆ ದಾರಿ ನೋಡು. ಕತ್ತಲಾದರೂ ನಾನು ಬರದಿದ್ದರೆ ಗಾಬರಿಯಾಗಬೇಡ. ಯಾರೋ ಒಳ್ಳೆಯವರು ಎದುರಿಗೆ ಬಂದು ನಗುತ್ತ ಕೈ ಮುಗಿದರು ಎಂದು ತಿಳಿದುಕೋ, ಬಾಗೇವಾಡಿಯ ದೀಪವನ್ನು ನೀನೇ ಹೋಗಿ ಹಚ್ಚು.

ನಿನ್ನ ಒಲೆ ಉರಿಯಲಿ, ಹೊತ್ತಿಗೆ ಆರಲಿ. ಇದೇ ನನ್ನ ಆಶೀರ್ವಾದ.

ನಿನ್ನ ಅವ್ವ,
ಗುಂಡವ್ವ