ಎರಡು ಸಲ ಕರೆಯುವ ಸಾಲು

ಜೇವರ್ಗಿ
೧೯ ನವೆಂಬರ್ ೨೦೨೪

ಮುದ್ದಿನ ಮೆಹನಾಜಳಿಗೆ ದಾದಿಯ ದುವಾ,

ಪತ್ರ ತಡವಾಯಿತು, ಮಾಫ್ ಮಾಡು. ಸಿಟ್ಟು ಆರಲಿ ಎಂದು ಹದಿನೈದು ದಿನ ಕಾದೆ. ಆರಲಿಲ್ಲ. ನಾಲ್ಕನೇ ಇಯತ್ತೆಯವರೆಗಷ್ಟೇ ಓದಿದವಳ ಅಕ್ಷರ, ಕೂಡಿಸಿ ಓದಿಕೋ.

ನಿನ್ನಮ್ಮ ನಿಶಾತ ತಹಶೀಲ್ ಕಚೇರಿಯ ಮುಂದೆ ಕೂತು ಅರ್ಜಿ ಟೈಪು ಮಾಡುವ ಆ ಹಳೆಯ ಲ್ಯಾಪ್‌ಟಾಪ್ ನೆನಪಿದೆಯೇ? ಮುಚ್ಚಿ ತೆರೆದರೆ ಅದರ ಕೀಲಿಮಣೆ ಸತ್ತಂತೆ ಬಿದ್ದಿರುತ್ತಿತ್ತು. ನಿನ್ನ ಅಬ್ಬಾ, ನನ್ನ ಮಗ ಜಮೀರ, ಬದುಕಿದ್ದಾಗ ಅದಕ್ಕೆಂದೇ ಒಂದು ಸಾಲು ಕೋಡು ಬರೆದು ಕಳಿಸಿದ್ದ. ಊರೂರಿನ ಕಂಪ್ಯೂಟರುಗಳನ್ನೆಲ್ಲ ಒಳಗಿನಿಂದ ನಡೆಸುವ, ಎಲ್ಲಕ್ಕೂ ಒಂದೇ ಆದ ಆ ಕರ್ನಲ್ ಎಂಬ ಪ್ರೋಗ್ರಾಮಿನೊಳಗೆ, ಅದನ್ನು ನೋಡಿಕೊಳ್ಳುವ ದೊಡ್ಡವರು ಆ ಸಾಲನ್ನು ಸೇರಿಸಿಕೊಂಡಿದ್ದರು. "ಅಮ್ಮಿ, ಇದಕ್ಕೂ ನಿನ್ನಂಗ ಕಿವಿ ಮಂದ. ಎರಡು ಸಲ ಕರದ್ರನ ಏಳತದ" ಎಂದು ನಕ್ಕಿದ್ದ.

ಕಳೆದ ತಿಂಗಳು ಅಪ್‌ಡೇಟ್ ಆದ ಮೇಲೆ ಅದು ಏಳುತ್ತಿಲ್ಲ. ಪ್ರತಿ ಸಲವೂ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕು. ಮೊನ್ನೆ ರೈತ ಶಿವರಾಯ, "ಬಾಯೋರ, ನಿಮ್ಮ ಮಷೀನ ಏಳೂದ್ರಾಗ ಸಾಹೇಬ ಊಟಕ್ಕ ಎದ್ದು ಹೋಗ್ತಾನ್ರಿ" ಎಂದು ಎದುರಿನ ಅಂಗಡಿಗೆ ನಡೆದ. ಅವನ ಹಿಂದೆ ಸಾಲಿನಲ್ಲಿದ್ದವರೆಲ್ಲ ನಡೆದರು.

ಈಗ ಆ ಕರ್ನಲ್ಲು ನೋಡಿಕೊಳ್ಳುವವರಲ್ಲಿ ನೀನೂ ಒಬ್ಬಳು; ಆ ಸಾಲು ತೆಗೆದವಳು ನೀನೇ ಎಂದು ನಿನ್ನಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. "ಒಂದೊಂದು ಕೆಟ್ಟ ಮಷೀನಿಗೆ ಒಂದೊಂದು ಸಾಲು ನಡುವ ತುರುಕಿದ್ರ ಎಲ್ಲಾರದೂ ಕೆಡ್ತದ ಅಮ್ಮಿ. ಆ ಮಷೀನ ಯಾರರ ಬಳಸ್ತೀರೇನು ಅಂತ ಮೂರು ತಿಂಗಳು ಕೇಳೇವಿ, ಒಬ್ರೂ ಹೂಂ ಅನಲಿಲ್ಲ. ನೀ ಇನ್ನೂ ಅದನ್ನ ಇಟ್ಟೀಯೇನು?"

ಲೋಕವನ್ನೆಲ್ಲ ಇಂಗ್ಲಿಷಿನಲ್ಲಿ ಕೇಳಿದವಳಿಗೆ ಹೆತ್ತ ತಾಯಿಯನ್ನು ಒಂದು ಮಾತು ಕೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ?

ನಿನ್ನ ನ್ಯಾಯ ತಿಳಿಯದಷ್ಟು ದಡ್ಡಿಯಲ್ಲ ನಾನು. ಹಲ್ಲಿಲ್ಲದ ನನ್ನೊಬ್ಬಳಿಗಾಗಿ ಮನೆಮಂದಿಗೆಲ್ಲ ಗಂಜಿ ಬೇಯಿಸಬಾರದು, ಸರಿ. ಆದರೆ ನನ್ನ ರೊಟ್ಟಿಯನ್ನು ಬೇರೆ ಬಟ್ಟಲಲ್ಲಿ ನೆನೆಸಿಟ್ಟರೆ ಯಾರ ಊಟ ಕೆಡುತ್ತದೆ? ಆ ಸಾಲನ್ನೂ ಹಾಗೆ ಬೇರೆ ಎತ್ತಿಡಬಹುದಿತ್ತು. ನೀನು ಬಟ್ಟಲನ್ನೇ ತಿಪ್ಪೆಗೆ ಎಸೆದೆ.

ಖುದಾ ನಿನಗೆ ಆಯುಷ್ಯ ಕೊಡಲಿ, ಆರೋಗ್ಯ ಕೊಡಲಿ. ನಿನಗೆ ವಯಸ್ಸಾದಾಗ, ನೀನು ಇನ್ನೂ ಇದ್ದೀಯೇನು ಎಂದು ಮನೆಯವರೇ ಕೇಳದಿರಲಿ.

ನಿನ್ನ ದಾದಿ,
ಫಕ್ರುನ್ನಿಸಾ

ತಾ.ಕ.: ಅರ್ಜಿಯ ಗಿರಾಕಿಗಳು ಹಾಳಾಗಿ ಹೋಗಲಿ. ನಿನ್ನ ಅಬ್ಬಾನ ಗೋರಿಗೆ ಹೆಸರಿನ ಕಲ್ಲು ಬೇಡ ಎಂದವಳು ನಾನು. ಆ ಸಾಲಿನ ತಲೆಯ ಮೇಲೆ "ಜಮೀರ, ಜೇವರ್ಗಿ" ಎಂದು ಇದೆಯಲ್ಲ, ಜಗತ್ತಿನಲ್ಲೆಲ್ಲ ಇದೆಯಲ್ಲ, ಇಲ್ಲಿ ಕಲ್ಲು ಯಾಕೆ ಎಂದಿದ್ದೆ. ಅಂದು ನನ್ನ ಬೆರಳು ಹಿಡಿದು ಅದನ್ನು ಅಕ್ಷರ ಅಕ್ಷರವಾಗಿ ತೋರಿಸಿದವಳು ನೀನೇ.